ಎಡಗಡೆಯ ಎರಡು ಕೈ

ಜಗಳವಾಡಬೇಕೆಂದರೆ ಎದುರಾಳಿ ಕೈಗೆ ಸಿಗುವಂತಿರಬೇಕು. ಪಕ್ಕದ ಮನೆಯವನಾದರೆ ಅವನ ಕಾರು ನಮ್ಮ ಜಾಗದಲ್ಲಿ ನಿಂತ ದಿನ ವಿಚಾರಿಸಿಕೊಳ್ಳಬಹುದು. ಮೇಲಧಿಕಾರಿಯಾದರೆ ಅವನ ಬೆನ್ನ ಹಿಂದೆ ಕ್ಯಾಂಟೀನಿನಲ್ಲಿ ಕೂತು ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದು. ಹೆಂಡತಿಯಾದರಂತೂ ಸರಿಯೇ ಸರಿ, ಕಾರಣ ಕೂಡ ಬೇಕಿಲ್ಲ. ಆದರೆ ನನ್ನ ಹಗೆ ಇರುವುದು ಒಬ್ಬ ರಷ್ಯಾದವನ ಮೇಲೆ, ಅದೂ ನನ್ನ ಮುತ್ತಜ್ಜನ ಕಾಲಕ್ಕೇ ಕಣ್ಣುಮುಚ್ಚಿದವನ ಮೇಲೆ. ನಾನು ಬೈದದ್ದು ಅವನಿಗೆ ಮುಟ್ಟುವುದಿಲ್ಲ. ಅವನು ಮಾಡಿಟ್ಟು ಹೋದದ್ದು ಮಾತ್ರ ಸಮುದ್ರ ದಾಟಿ ಬಂದು ಮಲೇಷ್ಯಾದ ಸೈಬರ್‌ಜಯಾ ಊರಿನ ನಮ್ಮ ಒಂಬತ್ತನೇ ಮಹಡಿಯ ಹಾಲ್‌ನಲ್ಲಿ ಕೂತಿತು. ಅವನ ಹೆಸರನ್ನು ಹೆಂಡತಿ ಎಷ್ಟೋ ಸಲ ಹೇಳಿಕೊಟ್ಟಳು. ನನ್ನ ನಾಲಿಗೆ ಹೊರಳಲಿಲ್ಲ, ಹೊರಳಿಸುವ ಮನಸ್ಸೂ ನನಗಿರಲಿಲ್ಲ. ಬೈಯುವುದಕ್ಕೆ 'ಪುಣ್ಯಾತ್ಮ' ಎಂದರೆ ಸಾಕು.

ಪುಣ್ಯಾತ್ಮ ಮಾಡಿದ್ದಿಷ್ಟು. ನಮ್ಮಲ್ಲಿ ಭಾವಗೀತೆ ಇದ್ದ ಹಾಗೆ ಆ ದೇಶದಲ್ಲಿ ರೊಮಾನ್ಸ್ ಎಂಬ ಒಂದು ಬಗೆಯ ಹಾಡುಗಳಿವೆಯಂತೆ. ಅಂಥ ಹಾಡುಗಳಲ್ಲಿ ಯಾರಾದರೂ ಯಾರನ್ನಾದರೂ ಬಿಟ್ಟು ಹೋಗುತ್ತಲೇ ಇರುತ್ತಾರಂತೆ. ಅವುಗಳಲ್ಲಿ ಒಂದು ಅಲ್ಲಿನ ಮನೆಮನೆಯಲ್ಲೂ ಹೆಸರಾಗಿತ್ತು. ಹಾಡಿದವರು ಹಾಡಿಕೊಂಡು, ಕೇಳಿದವರು ಕಣ್ಣೊರೆಸಿಕೊಂಡು ಸುಖವಾಗಿದ್ದರು. ಇವನು ಆ ಹಾಡನ್ನು ಎತ್ತಿಕೊಂಡು, ಒಂದೇ ಪಿಯಾನೊದ ಮುಂದೆ ಇಬ್ಬರು ಒತ್ತೊತ್ತಾಗಿ ಕೂತು ನಾಲ್ಕು ಕೈಯಲ್ಲಿ ನುಡಿಸುವ ಹಾಗೆ ಬರೆದಿಟ್ಟ. ಇರಲಿ, ಇಬ್ಬರಿಗೂ ಸಮನಾಗಿ ಹಂಚಿದನೇ? ಅದಿಲ್ಲ. ಬಲಗಡೆ ಕೂತವರಿಗೆ ಇಡೀ ಹಾಡು, ಅದರ ಏರಿಳಿತ, ನಿಟ್ಟುಸಿರು, ಕಣ್ಣೀರು ಎಲ್ಲ. ಎಡಗಡೆ ಕೂತವನಿಗೆ 'ಢುಂ ಛಾ ಛಾ'. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಢುಂ ಛಾ ಛಾ. ಮದುವೆ ಊಟದಲ್ಲಿ ಒಬ್ಬನಿಗೆ ಹೋಳಿಗೆ, ಪಕ್ಕದವನಿಗೆ ಎಲೆ ತುದಿಯ ಉಪ್ಪು ಬಡಿಸಿದರೆ ಅವನು ಎಲೆ ಬಿಟ್ಟು ಏಳುವುದಿಲ್ಲವೇ? ನಾನು ಏಳುವ ಹಾಗಿರಲಿಲ್ಲ. ಏಳಲು ಹೋಗುವುದಾದರೂ ಎಲ್ಲಿಗೆ, ಹೊರಗೆ ಲಾಕ್‌ಡೌನಿನ ಪೊಲೀಸರಿದ್ದರು.

ನಾನು ಮೈಸೂರಿನವನು. ಇಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಈ ಗುಣ ಸಂಜೆ ಆರರ ಮೇಲೆ ಆಫೀಸಿನಲ್ಲೇ ಉಳಿಯುವುದಿಲ್ಲ ಎಂದು ನನ್ನ ಹೆಂಡತಿ ಶೈಲಜಾ ಹೇಳುತ್ತಾಳೆ. ಅವಳು ನಲವತ್ತು ದಾಟಿದ ಮೇಲೆ ಪಿಯಾನೊ ಕಲಿಯಲು ಹೊರಟವಳು. ನಮ್ಮದೇ ಕಟ್ಟಡದ ಒಂದು ಸಂಸಾರ ದೇಶ ಬಿಟ್ಟು ಹೋಗುವಾಗ ತಮ್ಮ ಪಿಯಾನೊವನ್ನು ಸಾಗಿಸಲಾರದೆ ಇವಳಿಗೆ ಕೊಟ್ಟುಹೋಯಿತು. ರಾಜಧಾನಿಯ ಬಾಂಗ್ಸಾರ್ ಬಡಾವಣೆಯಲ್ಲಿ ಫ್ಲೇವಿಯಾ ಎಂಬ ಮಂಗಳೂರಿನ ಟೀಚರ್ ಇದ್ದರು. ಹಗಲು ಯಾವುದೋ ಕಂಪನಿಯಲ್ಲಿ ದುಡಿದು, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸಿ, ಶನಿವಾರ ಮನೆಯಲ್ಲಿ ಪಾಠ ಹೇಳುತ್ತಿದ್ದರು. ಪ್ರತಿ ಶನಿವಾರ ಇವಳನ್ನು ಕಾರಿನಲ್ಲಿ ಅಲ್ಲಿ ಬಿಟ್ಟು, ಪಾಠ ಮುಗಿಯುವವರೆಗೆ ಮೂಲೆಯ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ನೊರೆ ಚಹಾ ಕುಡಿಯುತ್ತಾ ಕಾಯುವುದು ನನ್ನ ಕೆಲಸ. ಸಂಗೀತಕ್ಕೆ ನಾನು ಸಲ್ಲಿಸಿದ ಸೇವೆಗಳಲ್ಲಿ ಅಷ್ಟು ಸುಖದ್ದು ಇನ್ನೊಂದಿಲ್ಲ.

ಶೈಲಜಾಳ ಕೈ ಚೆನ್ನಾಗಿಯೇ ಓಡುತ್ತಿತ್ತು. ಆದರೆ ನಾಲ್ಕು ಜನರ ಮುಂದೆ ಒಬ್ಬಳನ್ನೇ ಕೂರಿಸಿದರೆ ಬೆರಳು ಮರಗಟ್ಟಿಬಿಡುತ್ತಿದ್ದವು. ಟೀಚರ ವಾರ್ಷಿಕ ಕಾರ್ಯಕ್ರಮದಲ್ಲಿ ಒಂದು ವರ್ಷ ಹೆಸರು ಕರೆದಾಗ ಇವಳು ಬಚ್ಚಲುಮನೆಯಲ್ಲಿದ್ದಳು. ಇನ್ನೊಂದು ವರ್ಷ ವೇದಿಕೆಯ ಮೆಟ್ಟಿಲವರೆಗೆ ಹೋಗಿ, ಹೊಟ್ಟೆನೋವೆಂದು ವಾಪಸು ಬಂದಳು. ದಾರಿಯುದ್ದಕ್ಕೂ ಕಾರಿನ ಕಿಟಕಿಯಾಚೆ ನೋಡುತ್ತಾ ಕೂತಿದ್ದವಳು ಮನೆ ಬಂದಾಗ, "ನಾನು ಏನ್ ಕಲಿತು ಏನು ಬಂತು ರೀ" ಎಂದಿದ್ದಳು. ಟೀಚರ್ ಉಪಾಯ ಹುಡುಕಿದರು. "ನೀನು ಒಬ್ಳೇ ಕೂತ್ಕೊಳ್ಳುದು ಬೇಡ ಮಾರಾಯ್ತಿ. ನಾನು ಪಕ್ಕದಲ್ಲಿ ಇರ್ತೇನೆ. ಕೆಳಗಿನದ್ದು ನಾನು, ಮೇಲಿನದ್ದು ನೀನು" ಎಂದು ಪುಣ್ಯಾತ್ಮನ ಆ ಪುಸ್ತಕವನ್ನು ತೆಗೆದರು. ಪಕ್ಕದಲ್ಲಿ ಟೀಚರ ಭುಜ ತಾಗುತ್ತಿದ್ದರೆ ಶೈಲಜಾಳ ಬೆರಳು ಕರಗಿ ಹರಿಯುತ್ತಿದ್ದವು. ಈ ವರ್ಷ ನುಡಿಸಿಯೇ ಸಿದ್ಧ ಎಂದು ರೇಷ್ಮೆ ಸೀರೆಯನ್ನೂ ತೆಗೆದಿಟ್ಟಳು. ಅಷ್ಟರಲ್ಲಿ ಕೊರೋನಾ ಬಂತು.

ಇಲ್ಲಿನ ಲಾಕ್‌ಡೌನಿಗೆ ಎಂಸಿಓ ಎಂದು ಹೆಸರಿಟ್ಟರು. ಮನೆಯಿಂದ ಹತ್ತು ಕಿಲೋಮೀಟರ್ ಆಚೆ ಹೋಗುವಂತಿಲ್ಲ. ಸಾಮಾನು ತರಲು ಮನೆಗೊಬ್ಬ ಯಜಮಾನ ಮಾತ್ರ ಹೊರಡಬೇಕು. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ನಾನು ಯಜಮಾನನಾದೆ. ಕೊತ್ತಂಬರಿ ಸೊಪ್ಪೆಂದು ಬೇರೆ ಯಾವುದೋ ಸೊಪ್ಪು ತಂದು ಮನೆಯಲ್ಲಿ ಬೈಸಿಕೊಳ್ಳುವ ಯಜಮಾನ. ಬಾಂಗ್ಸಾರ್ ಎಲ್ಲಿ, ಸೈಬರ್‌ಜಯಾ ಎಲ್ಲಿ! ಟೀಚರು ಅಲ್ಲಿ, ಶಿಷ್ಯೆ ಇಲ್ಲಿ. ಅದರ ಮೇಲೆ ಇನ್ನೊಂದು ಸುದ್ದಿ ಬಂತು. ಟೀಚರ್ ಕೆಲಸದಿಂದ ನಿವೃತ್ತರಾಗಿದ್ದರು, ವಿಮಾನ ಸಿಕ್ಕಿದೊಡನೆ ಮಂಗಳೂರಿಗೆ ಹೊರಡುವವರು, ಮತ್ತೆ ಬರುವವರಲ್ಲ. ಹೋಗುವ ಮುಂಚಿನ ಭಾನುವಾರ ಶಿಷ್ಯರೆಲ್ಲರ ಕೊನೆಯ ಕಾರ್ಯಕ್ರಮ, ಪರದೆಯ ಮೇಲೆ. ಪ್ರತಿಯೊಬ್ಬರೂ ತಾವು ನುಡಿಸಿದ್ದನ್ನು ಶನಿವಾರದೊಳಗೆ ವಿಡಿಯೊ ಮಾಡಿ ಕಳಿಸಬೇಕು. ಆ ದಿನ ಶೈಲಜಾ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಈ ಸಲ ನುಡಿಸ್ಲಿಲ್ಲ ಅಂದ್ರೆ ಇನ್ನು ಯಾವತ್ತೂ ಇಲ್ಲ ಬಿಡಿ. ಆ ಪಿಯಾನೊನ ಯಾರಿಗಾದ್ರೂ ಕೊಟ್ಬಿಡೋಣ." ಅವಳು ಹಾಗೆ ಬೆನ್ನು ತಿರುಗಿಸಿ ಆಡಿದ ಮಾತು ಹುಸಿಯಾದದ್ದನ್ನು ನಾನು ನೋಡಿಲ್ಲ.

ಮೊದಲು ನಾನು ಎದೆ ತಟ್ಟಿಕೊಂಡೆ. ಟೀಚರು ಅಲ್ಲಿಂದ, ನೀನು ಇಲ್ಲಿಂದ ವಿಡಿಯೊ ಕಾಲ್‌ನಲ್ಲೇ ಒಟ್ಟಿಗೆ ನುಡಿಸಿ, ಮಿಕ್ಕಿದ್ದು ನನಗೆ ಬಿಡು, ಇಷ್ಟು ವರ್ಷ ಇದೇ ಕೆಲಸವಲ್ಲವೇ ಎಂದೆ. ನುಡಿಸಿದರು. ಅವರ ಢುಂ ಇವಳಿಗೆ ಕೇಳುವಷ್ಟರಲ್ಲಿ ಅವರು ಮುಂದಿನ ಛಾ ದಾಟಿರುತ್ತಿದ್ದರು. ಇವಳು ಕಾದರೆ ಅವರೂ ಕಾದರು. ಕೊನೆಗೆ ಪರದೆಯಿಂದ, "ಶೈಲಾ, ನೀನು ಎಲ್ಲಿ ಇದ್ದಿ? ನಾನು ಮುಂದಿನ ಪೇಜಿಗೆ ಬಂದಾಯ್ತು" ಎಂಬ ದನಿ. ವೈರು ಬದಲಿಸಿದೆ. ವೈಫೈ ಪೆಟ್ಟಿಗೆ ಬದಲಿಸಿದೆ. ಇಂಟರ್‌ನೆಟ್ಟಿನವರಿಗೆ ಫೋನು ಮಾಡಿ ಅವರ ಕೂಗಿಗಿಂತ ಜೋರಾಗಿ ಕೂಗಿದೆ. ನಮ್ಮ ಮಗಳು ನಿಧಿ ನಿಲಾಯ್ ಊರಿನ ಕಾಲೇಜಿನಲ್ಲಿ ಓದುವವಳು, ಆಗ ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಳು. ನಾವು ಕನ್ನಡದಲ್ಲಿ ಮಾತಾಡಿದರೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಬಾಗಿಲಿಂದ ತಲೆ ಹಾಕಿ, "ಅಪ್ಪಾ, ಇಟ್ಸ್ ಜಸ್ಟ್ ಫಿಸಿಕ್ಸ್. ಗಿವ್ ಅಪ್ ಲಾ" ಎಂದಳು. ಮಾತಿನ ಕೊನೆಗೊಂದು 'ಲಾ' ಅಂಟಿಸುವುದು ಇಲ್ಲಿಯವರ ರೂಢಿ. ಟೀಚರು ತಮ್ಮ ಭಾಗವನ್ನು ಬೇರೆಯೇ ರೆಕಾರ್ಡ್ ಮಾಡಿ ಕಳಿಸಿದರು. ಅದಕ್ಕೂ ಇವಳಿಗೂ ಹೊಂದಲಿಲ್ಲ. ಆ ಹಾಡು ತನಗೆ ಬೇಕಾದಲ್ಲಿ ನಿಲ್ಲುತ್ತದೆ, ಬೇಕಾದಲ್ಲಿ ಓಡುತ್ತದೆ. ಅಲ್ಲದೆ ಇವಳಿಗೆ ಬೇಕಾಗಿದ್ದದ್ದು ಶಬ್ದ ಅಲ್ಲ, ಪಕ್ಕದಲ್ಲೊಂದು ಭುಜ.

ಆಗ ಟೀಚರ ಕಣ್ಣು ಪರದೆಯ ಮೂಲೆಯಲ್ಲಿ ವೈರು ಹಿಡಿದು ನಿಂತಿದ್ದ ನನ್ನ ಮೇಲೆ ಬಿತ್ತು. "ಅಲ್ಲ, ಮನೆಯಲ್ಲಿ ಶ್ರೀಧರ್ ಇದ್ದಾರಲ್ಲ? ಅವ್ರು ಮೃದಂಗ ಕಲ್ತವರಲ್ವಾ? ಕೆಳಗಿನದ್ದು ಎಂತ ಕಷ್ಟ ಇಲ್ಲ ಮಾರಾಯ್ರೆ, ನಾನು ಸುಲಭ ಮಾಡಿ ಕೊಡ್ತೇನೆ." ನಾನು ನಿಧಿಯ ಕಡೆ ನೋಡಿದೆ. "ನೋ ವೇ" ಎಂದು ಅವಳು ಬಾಗಿಲು ಹಾಕಿಕೊಂಡಳು. ಶೈಲಜಾ ನನ್ನ ಮುಖವನ್ನೇ ನೋಡಿದಳು. ಆ ನೋಟಕ್ಕೆ ಇಲ್ಲ ಎನ್ನುವ ಗಂಡಸು ನಮ್ಮ ವಂಶದಲ್ಲಿ ಹುಟ್ಟಿಲ್ಲ, ಹುಟ್ಟಿದ್ದರೆ ಅವನಿಗೆ ಮದುವೆಯಾಗಿರಲಿಕ್ಕಿಲ್ಲ.

ಹೀಗೆ ನನ್ನನ್ನು ಆ ಬೆಂಚಿನ ಎಡಗಡೆ ಕೂರಿಸಿದರು. ಕೂರಿಸಿದರು ಎಂದರೆ ಅರ್ಧ ಕೂರಿಸಿದರು, ಉಳಿದರ್ಧ ಗಾಳಿಯಲ್ಲಿತ್ತು. ಒಂದು ಬೆಂಚಿನಲ್ಲಿ ಇಬ್ಬರು ಎಂದು ಬರೆದ ಪುಣ್ಯಾತ್ಮ ನಡುವಯಸ್ಸಿನ ಸೊಂಟಗಳನ್ನು ನೋಡಿಯೇ ಇರಲಿಲ್ಲವೆಂದು ಕಾಣುತ್ತದೆ. ನಾನು ಒತ್ತಬೇಕಾದ ಕೀಗಳಿಗೆಲ್ಲ ಶೈಲಜಾ ಬಣ್ಣದ ಚೀಟಿ ಅಂಟಿಸಿದಳು. ಹುಡುಗನಾಗಿದ್ದಾಗ ಭಜನೆಯಲ್ಲಿ ಹಾರ್ಮೋನಿಯಂ ಒತ್ತಿದ ಅನುಭವ ಇದ್ದದ್ದರಿಂದ ಕೈ ಬೇಗ ಕೂತಿತು. ಆದರೆ ಪುಣ್ಯಾತ್ಮ ನನ್ನ ಬಲಗೈಯನ್ನೂ ಅವಳ ಎಡಗೈಯನ್ನೂ ಪದೇ ಪದೇ ಒಂದೇ ಜಾಗಕ್ಕೆ ಕಳಿಸುತ್ತಿದ್ದ. ನನ್ನ ಮೊಣಕೈ ಅವಳ ಪಕ್ಕೆಗೆ, ಅವಳ ಬಳೆ ನನ್ನ ಮಣಿಕಟ್ಟಿಗೆ. "ಕೈ ತೆಗೀರಿ." "ನಿನ್ನ ಕೈ ತೆಗಿ." "ಅಲ್ಲಿ ನಂದು ಬರತ್ತೆ ರೀ." "ನಂದೂ ಬರತ್ತೆ, ಪುಸ್ತಕ ನೋಡು." ಕಾಲ ಬಳಿಯ ಪೆಡಲ್ ಕೂಡ ಎಡಗಡೆಯವನ ಪಾಲಿಗೆ. ಅವಳ ನಾದ ಎಷ್ಟು ಹೊತ್ತು ನಿಲ್ಲಬೇಕೆಂದು ನಾನು ನನ್ನ ಕಾಲಲ್ಲಿ ನೋಡಿಕೊಳ್ಳಬೇಕು. ಹಾಡು ಅವಳದು, ಕಾಲು ನನ್ನದು. ಪುಟ ತಿರುಗಿಸುವುದೂ ನಾನೇ.

ಇಷ್ಟನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಸಹಿಸಲಾಗದ್ದು ಲಯದ ವಿಚಾರ. ನಾನು ಏಳು ವರ್ಷ ಮೃದಂಗ ಕಲಿತವನು. ನಮ್ಮ ಮೇಷ್ಟ್ರು ಮೈಸೂರಿನ ಅಗ್ರಹಾರದ ಜಗಲಿಯಲ್ಲಿ ಕೂತು, ಒಂದು ಅಕ್ಷರ ಹಿಂದು ಮುಂದಾದರೆ ಕೈಯಲ್ಲಿದ್ದ ಬೀಸಣಿಗೆಯ ಹಿಡಿಯಿಂದ ಮಂಡಿಗೆ ಕುಟ್ಟುತ್ತಿದ್ದರು. ಆಕಾಶ ಕಳಚಿ ಬೀಳಲಿ, ಹಾಡುವವರು ದಾರಿ ತಪ್ಪಲಿ, ಮೃದಂಗದವನು ಕಾಲಪ್ರಮಾಣ ಬಿಡಬಾರದು. ಈ ಹಾಡು ಮೂರು ಮೂರರ ನಡೆ, ತಕಿಟ ತಕಿಟ ಎಂದು ನಾನು ಗಡಿಯಾರದ ಹಾಗೆ ಹಿಡಿದುಕೊಂಡು ಹೋಗುತ್ತಿದ್ದರೆ ಶೈಲಜಾ ಎಲ್ಲೋ ನಡುವೆ ಒಂದು ಸ್ವರದ ಮೇಲೆ ಕೂತುಬಿಡುತ್ತಿದ್ದಳು. ಹೊರಡುವ ರೈಲಿಗೆ ಕೈ ಬೀಸುತ್ತಾ ನಿಂತವರ ಹಾಗೆ ಅಲ್ಲೇ ನಿಂತಿರುತ್ತಿದ್ದಳು. ನಾನು ಆಗಲೇ ಮುಂದಿನ ನಿಲ್ದಾಣದಲ್ಲಿರುತ್ತಿದ್ದೆ.

"ತಾಳ ತಪ್ತು" ಎನ್ನುತ್ತಿದ್ದೆ.

"ತಪ್ಪಿದ್ದಲ್ಲ ರೀ, ಅಲ್ಲಿ ನಿಧಾನ ಮಾಡ್ಬೇಕು, ಬರ್ದಿದೆ ನೋಡಿ."

"ಎಷ್ಟು ನಿಧಾನ? ಅರ್ಧವೋ, ಕಾಲೋ? ಲೆಕ್ಕ ಹೇಳು."

"ಲೆಕ್ಕ ಏನ್ ಬಂತು, ಅದು ಭಾವ."

ಭಾವವಂತೆ! ನನ್ನ ಉದ್ಯೋಗದಲ್ಲಿ ಯಾರಾದರೂ ಹೀಗೆ 'ಬೇಕಾದಷ್ಟು ನಿಧಾನ' ಎಂದು ಬರೆದುಕೊಟ್ಟರೆ ಅವರ ಮುಖಕ್ಕೇ ವಾಪಸು ಎಸೆಯುತ್ತೇನೆ.

ಇದಕ್ಕಿಂತ ದೊಡ್ಡ ಕಿಚ್ಚು ಮೂರನೆಯ ಪುಟದಲ್ಲಿತ್ತು. ಅಲ್ಲಿ ಬಲಗಡೆಯವರು ಒಂಟಿಯಾಗಿ ಹಾಡುತ್ತಾರೆ, ಎಡಗಡೆಯವನಿಗೆ ಏನೂ ಇಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರಬೇಕು. ಕಚೇರಿಯಲ್ಲಿ ಹಾಡುವವರು ಒಂದು ಸಾಲು ನಿಲ್ಲಿಸಿ ಉಸಿರೆಳೆದುಕೊಂಡರೆ ಆ ಸಂದಿಯನ್ನು ತುಂಬುವುದೇ ಮೃದಂಗದವನ ಧರ್ಮ. ಅಲ್ಲಿ ಕೈ ಕಟ್ಟಿ ಕೂತರೆ ಮೇಷ್ಟ್ರು ಎದ್ದು ಹೋಗುತ್ತಿದ್ದರು. ನನ್ನ ಬೆರಳುಗಳಿಗೆ ಇದು ರಷ್ಯಾದ ಹಾಡು ಎಂದು ಯಾರು ಹೇಳಬೇಕು? ನನಗೆ ಗೊತ್ತಾಗುವ ಮೊದಲೇ ಅವು ಪಿಯಾನೊದ ಮರದ ಮೇಲೆ 'ತಕಿಟ ತಕ ತಕಿಟ' ಎಂದು ಬಾರಿಸಿರುತ್ತಿದ್ದವು. ಪರದೆಯಿಂದ ಟೀಚರ್ ಎರಡೂ ಕೈ ತಲೆಯ ಮೇಲಿಟ್ಟುಕೊಳ್ಳುತ್ತಿದ್ದರು. "ಶ್ರೀಧರ್, ನೀವು ಎಂತ ಮಾಡಿದ್ದು? ಅಲ್ಲಿ ಖಾಲಿ ಉಂಟಲ್ಲ, ಅದು ತುಂಬ್ಸ್ಲಿಕ್ಕೆ ಬಿಟ್ಟದ್ದಲ್ಲ. ಅವಳನ್ನು ಕೇಳ್ಲಿಕ್ಕೆ ಬಿಟ್ಟದ್ದು." ಕೇಳುವುದಂತೆ! ಮದುವೆಯಾದಂದಿನಿಂದ ಕೇಳುತ್ತಲೇ ಇದ್ದೇನೆ. ಕೊನೆಯ ಪುಟದಲ್ಲಂತೂ ಹಾಡು ಕರಗುತ್ತಾ ಕರಗುತ್ತಾ ಒಂದೇ ಒಂದು ಸ್ವರವಾಗಿ ನಿಲ್ಲಬೇಕು. ಒಂದು ದಿನ ನಾನು ಅಭ್ಯಾಸಬಲದಿಂದ ಮೂರು ಸಲ ಹೊಡೆದು ಮುಗಿಸುವ ಮುಕ್ತಾಯವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಾಕಿ, ಸಮಕ್ಕೆ ಸರಿಯಾಗಿ ಢುಂ ಎಂದು ಇಳಿಸಿದೆ. ಸಭೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಶೈಲಜಾ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಿಧಿ ಹೊರಗೆ ಬಂದು, "ಅಪ್ಪಾ, ಸಮ್‌ಒನ್ ಜಸ್ಟ್ ಲೆಫ್ಟ್ ದ ಲವ್ ಆಫ್ ಹರ್ ಲೈಫ್, ಆಂಡ್ ಯು ಪ್ಲೇಡ್ ಎ ಪ್ರೊಸೆಷನ್" ಎಂದಳು.

ಮೈ ಉರಿಸುವವರು ಮನೆಯೊಳಗೆ ಮಾತ್ರ ಇದ್ದರೆ ಆಗುತ್ತಿತ್ತು. ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಶೈಲಜಾಳ ತಂಗಿ ಸುದ್ದಿ ಹಬ್ಬಿಸಿದಳು. 'ಒಂದೇ ಪಿಯಾನೊದಲ್ಲಿ ಭಾವ ಮತ್ತು ಅಕ್ಕ, ಎಷ್ಟು ಚೆಂದ' ಎಂದು ಅವಳು ಹಾಕಿದ್ದೇ ತಡ, ಹೃದಯದ ಚಿತ್ರಗಳ ಮಳೆ. 'ಆದರ್ಶ ದಂಪತಿ' ಎಂದರು ಒಬ್ಬರು. ಆ ಹೊತ್ತಿಗೆ ಆದರ್ಶ ದಂಪತಿಗಳು ಪೆಡಲ್ ವಿಷಯಕ್ಕೆ ಮಾತು ಬಿಟ್ಟು, ಮಗಳ ಮೂಲಕ ಉಪ್ಪು ಕೇಳುತ್ತಿದ್ದರು. ನಮ್ಮ ಕಟ್ಟಡದ ಆಡಳಿತದವರದ್ದು ಇನ್ನೊಂದು ಸಂದೇಶ. ಒಂಬತ್ತನೇ ಮಹಡಿಯಲ್ಲಿ ಯಾರೋ ಗೋಡೆ ಕೊರೆಯುತ್ತಿದ್ದಾರೆಂದು ದೂರು ಬಂದಿದೆ, ಲಾಕ್‌ಡೌನ್ ಮುಗಿಯುವವರೆಗೆ ರಿಪೇರಿ ಕೆಲಸ ಮಾಡಕೂಡದು ಎಂದು. ಶೈಲಜಾ ಅದನ್ನು ನನಗೆ ಓದಿ ಹೇಳಿ, "ಇದು ನಿಮ್ಮ ಭಾಗದ ಬಗ್ಗೆ" ಎಂದಳು.

ಶನಿವಾರ ಬಂತು. ಬೆಳಿಗ್ಗೆಯೇ ಶೈಲಜಾ ರೇಷ್ಮೆ ಸೀರೆ ಉಟ್ಟು ಕೂತಳು. ನಿಧಿ ಫೋನನ್ನು ಕಪಾಟಿನ ಮೇಲೆ ನಿಲ್ಲಿಸಿದಳು. ಮೊದಲ ಸಲ ಚೆನ್ನಾಗಿ ಹೋಗುತ್ತಿದ್ದಾಗ ಪಕ್ಕದ ಮನೆಯ ಕುಕ್ಕರ್ ಕೂಗಿತು. ಎರಡನೆಯ ಸಲ ನನ್ನ ಕಾಲು ನೆಲಕ್ಕೆ ತಾಳ ಹಾಕಿದ್ದು ಹಾಡಿಗಿಂತ ಜೋರಾಗಿ ಕೇಳಿತು. ಆಮೇಲೆ ಅವಳು ನಿಂತಲ್ಲಿ ನಾನು ಓಡಿದೆ, ಮೂರನೇ ಪುಟದಲ್ಲಿ ನನ್ನ ಬೆರಳು ತಕಿಟ ಎಂದವು, ಮತ್ತೆ ಮಾಡಿದಾಗ ಮತ್ತೆ ಎಂದವು. ಪ್ರತಿ ಸಲವೂ ನಾನು ಪುಣ್ಯಾತ್ಮನಿಗೆ ಬೈದೆ. ಪ್ರತಿ ಸಲವೂ ಶೈಲಜಾಳ ಬೆರಳು ಇನ್ನಷ್ಟು ಬಿಗಿಯಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಭುಜವಿತ್ತು, ಆದರೆ ಧೈರ್ಯ ಕೊಡುವ ಭುಜವಲ್ಲ, ಯಾವಾಗ ಗುದ್ದುವುದೋ ಎಂದು ಹೆದರಬೇಕಾದ ಭುಜ. ಮಧ್ಯಾಹ್ನದ ಹೊತ್ತಿಗೆ ಅವಳು ಪಿಯಾನೊದ ಮುಚ್ಚಳ ಹಾಕಿದಳು. "ಬಿಡಿ. ನಂಗೆ ಇದು ಆಗಿಬರೋಲ್ಲ. ಟೀಚರ್‌ಗೆ ಮೆಸೇಜ್ ಹಾಕ್ತೀನಿ." ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕೆಡುಕೆನಿಸಿದ್ದು. ಸಿಟ್ಟಿದ್ದರೆ ನಾನೂ ಒಂದು ಮಾತು ಆಡಬಹುದಿತ್ತು.

ನಮ್ಮ ಕಟ್ಟಡದ ಕೆಳಗಿನ ಮಾಮಕ್ ಅಂಗಡಿಯಿಂದ ರೊಟ್ಟಿ ಕಟ್ಟಿಸಿಕೊಂಡು ಬಂದು ತಿಂದೆವು. ಊಟವಾದ ಮೇಲೆ ಅವಳು ಕಾಫಿ ತಂದಳು. ಒಂದು ಲೋಟ ನನ್ನ ಕೈಗೆ ಕೊಟ್ಟು, ಪಿಯಾನೊದ ಮುಚ್ಚಳ ತೆಗೆದು, "ಇನ್ನೊಂದೇ ಒಂದು ಸಲ ನೋಡೋಣ" ಎಂದಳು. ಕಾಫಿ ಮುಗಿಸಿ ನಾನು ನನ್ನ ಅರ್ಧ ಬೆಂಚಿನಲ್ಲಿ ಕೂತೆ. ಅವಳು ಸೆರಗು ಸರಿ ಮಾಡಿಕೊಳ್ಳುತ್ತಾ, ಹವಾಮಾನದ ಬಗ್ಗೆ ಹೇಳುವ ಹಾಗೆ ಹೇಳಿದಳು: "ಅಂದಹಾಗೆ ರೀ, ಆ ರಾಮೋತ್ಸವದ ಕಚೇರೀಲಿ ಗಾಯಕರು ನಿಮ್ ಕಡೆ ಕೈ ಎತ್ತಿದ್ರಲ್ಲ, ಅದು ಶಭಾಷ್ ಅಂತ ಅಲ್ವಂತೆ. ನಿಲ್ಸಯ್ಯ ಸಾಕು ಅಂತ ಅಂತೆ. ನಿಮ್ಮಕ್ಕ ಹೇಳಿದ್ರು."

ಓದುಗರಿಗೆ ಇದರ ತೂಕ ತಿಳಿಯಬೇಕಾದರೆ ಆ ಕಚೇರಿಯ ವಿಷಯ ಹೇಳಲೇಬೇಕು. ನನಗೆ ಇಪ್ಪತ್ತು ತುಂಬಿದ ವರ್ಷ ನಮ್ಮ ಬಡಾವಣೆಯ ರಾಮೋತ್ಸವದ ಪೆಂಡಾಲಿನಲ್ಲಿ, ಬರಬೇಕಾಗಿದ್ದ ಮೃದಂಗದವರಿಗೆ ಜ್ವರ ಬಂದು, ನನ್ನನ್ನು ಕೂರಿಸಿದ್ದರು. ಹಾಡುತ್ತಿದ್ದವರು ಹೆಸರುವಾಸಿ ವಿದ್ವಾಂಸರು. ಚರಣದ ನಡುವೆ ಅವರು ಹಾಡುತ್ತಲೇ ನನ್ನ ಕಡೆ ತಿರುಗಿ, ಅಂಗೈ ಎತ್ತಿ ತೋರಿಸಿದರು. ತುಂಬಿದ ಸಭೆಯ ಎದುರು ವಿದ್ವಾಂಸರು ಕೈಯೆತ್ತಿ ಹರಸಿದರು! ನನ್ನ ಜೀವನದಲ್ಲಿ ಅಂಥ ಗಳಿಗೆ ಮತ್ತೊಂದು ಬಂದಿಲ್ಲ. ಅದನ್ನು ನಾನು ಹೆಣ್ಣು ನೋಡಲು ಹೋದಾಗ ಹೇಳಿದ್ದೇನೆ, ಮಲೇಷ್ಯಾದ ಕೆಲಸದ ಸಂದರ್ಶನದಲ್ಲಿ ಹೇಳಿದ್ದೇನೆ, ಸೈಬರ್‌ಜಯಾದಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದ ಕನ್ನಡಿಗರೆಲ್ಲ ಕೇಳಿದ್ದಾರೆ, ಎರಡೆರಡು ಸಲ ಕೇಳಿದವರೂ ಇದ್ದಾರೆ. ಈಗ ಇವಳು ಸೆರಗು ಸರಿಮಾಡಿಕೊಳ್ಳುತ್ತಾ ಅದನ್ನು ಎತ್ತಿ ಮೋರಿಗೆ ಹಾಕಿದಳು.

"ಏನಂದೆ?" ಎಂದೆ.

"ಆಮೇಲೆ ಕೋಸಂಬರಿ ತಿನ್ನೋವಾಗ ಬಾಯ್ಬಿಟ್ಟೇ ಹೇಳಿದ್ರಂತೆ, ಹುಡುಗಂಗೆ ಕೈ ಜಾಸ್ತಿ, ಕಿವಿ ಕಮ್ಮಿ ಅಂತ. ಇರ್ಲಿ ಬಿಡಿ, ಹಳೇದು."

"ರೋಲಿಂಗ್" ಎಂದಳು ನಿಧಿ.

ಇನ್ನೇನು ಬಾಯಿ ತೆರೆಯಬೇಕು, ಕ್ಯಾಮೆರಾ ಓಡುತ್ತಿತ್ತು. ನನಗೆ ಸಣ್ಣಪುಟ್ಟ ಸಿಟ್ಟು ಬಂದರೆ ಕೂಗಾಡುತ್ತೇನೆ, ದೊಡ್ಡದು ಬಂದರೆ ಕಲ್ಲಾಗಿಬಿಡುತ್ತೇನೆ. ಅಸಹಕಾರ ಚಳವಳಿ ಹೂಡಿಬಿಟ್ಟೆ. ಕೈ ಜಾಸ್ತಿಯಂತಲ್ಲ, ಸರಿ. ಚೀಟಿ ಅಂಟಿಸಿದ್ದಷ್ಟನ್ನೇ ಒತ್ತುತ್ತೇನೆ, ಅದೂ ಮುಟ್ಟಿಯೂ ಮುಟ್ಟದ ಹಾಗೆ. ಇವಳು ಬೇಕಾದಲ್ಲಿ ನಿಲ್ಲಲಿ, ನಾಳೆ ಬೆಳಗಿನವರೆಗೂ ನಿಲ್ಲಲಿ, ನನಗೇನು? ಅವಳು ನಿಂತಳು. ನಾನೂ ನಿಂತೆ. ಅವಳು ಹೊರಟ ಮೇಲೆಯೇ ಹೊರಟೆ, ಒಂದು ಕೂದಲೆಳೆ ಮುಂದೆ ಹೋಗಲಿಲ್ಲ. ಮೂರನೇ ಪುಟ ಬಂತು. ಕೈ ತೊಡೆಯ ಮೇಲಿಟ್ಟು, ನಿನಗೂ ನಿನ್ನ ಹಾಡಿಗೂ ನನಗೂ ಸಂಬಂಧವಿಲ್ಲ ಎನ್ನುವ ಹಾಗೆ ಕೂತೆ. ಬೆರಳುಗಳು ಕೂಡ ಮುನಿಸಿಕೊಂಡು ಬಿದ್ದಿದ್ದವು. ಬಾರಿಸುವ ಕೆಲಸವಿಲ್ಲ, ಎಣಿಸುವ ಮನಸ್ಸಿಲ್ಲ, ಎದ್ದು ಹೋಗುವ ಹಾಗಿಲ್ಲ. ಹಾಗೆ ಸಿಕ್ಕಿಬಿದ್ದವನ ಕಿವಿಗೆ ಆ ಹಾಡು ಮೊದಲ ಸಲ ಪೂರ್ತಿಯಾಗಿ ಬಿತ್ತು. ಚೆನ್ನಾಗಿದೆ. ಈಗಲೂ ಸಿಟ್ಟಿನಿಂದಲೇ ಹೇಳುತ್ತಿದ್ದೇನೆ, ಚೆನ್ನಾಗಿದೆ. ಶೈಲಜಾ ಅದನ್ನು ಹೆದರಿಕೆಯಿಲ್ಲದೆ, ಒಂದೊಂದೇ ಸ್ವರ ಇಡುತ್ತಾ ನುಡಿಸಿದಳು. ಕೊನೆಯ ಸ್ವರ ಕರಗುವವರೆಗೂ ನನ್ನ ಪಾದ ಪೆಡಲ್ ಮೇಲೆ ಹಾಗೇ ಇತ್ತು. ಮುಕ್ತಾಯ ಹಾಕುವ ಉತ್ಸಾಹ ಯಾರಿಗಿತ್ತು?

ಭಾನುವಾರ ಸಂಜೆ ಪರದೆಯ ತುಂಬ ಪುಟ್ಟ ಪುಟ್ಟ ಕಿಟಕಿಗಳಲ್ಲಿ ಜನ. ಶೈಲಜಾಳ ಹೆಸರು ಕರೆದಾಗ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು, ಎಲ್ಲಿಗೂ ಓಡಿಹೋಗಲಿಲ್ಲ. ಹಾಡು ಮುಗಿದ ಮೇಲೆ ಟೀಚರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಶೈಲಾ, ಇನ್ನು ನಂಗೆ ಊರಿಗೆ ಹೋಗ್ಲಿಕ್ಕೆ ಬೇಜಾರಿಲ್ಲ. ನೀನು ಬಂದಿ, ಆಯ್ತಲ್ಲ" ಎಂದರು. ಶೈಲಜಾ ತಲೆಯಾಡಿಸಿದಳು. ಆಮೇಲೆ ಟೀಚರ್ ನನ್ನ ಕಡೆ ತಿರುಗಿದರು. "ಮತ್ತೆ ಶ್ರೀಧರ್, ನೀವು! ಎಷ್ಟು ಚೆಂದ ಕೇಳಿದ್ರಿ ಮಾರಾಯ್ರೆ ಅವಳನ್ನು. ಅಷ್ಟು ಪ್ರೀತಿ ಇದ್ರೆ ಮಾತ್ರ ಹಾಗೆ ಕಾಯ್ಲಿಕ್ಕೆ ಆಗುದು." ಬೇರೆ ಕಿಟಕಿಗಳಿಂದಲೂ ಸೋ ಸ್ವೀಟ್ ಲಾ, ಸೋ ಟೆಂಡರ್ ಲಾ ಎಂಬ ಮಾತುಗಳು ಬಂದವು. ಹಲ್ಲು ಕಚ್ಚಿ ಕೂತವನನ್ನು ನೋಡಿ ಜನ ಪ್ರೀತಿ ಎಂದರೆ ಏನು ಉತ್ತರ ಕೊಡುವುದು? ನಾನು ಕೈ ಮುಗಿದೆ.

ಎಲ್ಲ ಮುಗಿದು ಪರದೆ ಕಪ್ಪಾದ ಮೇಲೆ ನಾನು ಶೈಲಜಾಳಿಗೆ ಹೇಳಿಯೇಬಿಟ್ಟೆ. "ನೋಡು, ಆ ಟೀಚರು ಏನೇನೋ ಅಂದ್ರು. ನಿಜ ಹೇಳ್ಬೇಕು ಅಂದ್ರೆ ನಂಗೆ ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಅದಕ್ಕೇ ಸುಮ್ನೆ ಕೂತಿದ್ದೆ."

"ಗೊತ್ತು" ಎಂದಳು.

"ಏನು ಗೊತ್ತು?"

"ಇಷ್ಟು ವರ್ಷ ಸಂಸಾರ ಮಾಡಿಲ್ವಾ ನಿಮ್ ಜೊತೆ? ನೀವು ಬಾಯಿ, ಕೈ ಎರಡೂ ಕಟ್ಕೊಂಡು ಕೂರೋದು ತುಂಬಾ ಸಿಟ್ಟು ಬಂದಾಗ ಮಾತ್ರ. ಪ್ರೀತಿಯಿಂದ ಕೇಳಿ ನೋಡಿದೆ, ಟೀಚರ್ ಕೈಲಿ ಹೇಳಿಸಿದೆ, ಆಗ್ಲಿಲ್ಲ. ಇನ್ನೇನ್ ಮಾಡ್ಲಿ? ಕಾಫಿ ಹಾಕ್ತಾ ಯೋಚನೆ ಮಾಡ್ದೆ, ಯಾವ್ದನ್ನ ಅಂದ್ರೆ ಇವ್ರಿಗೆ ಜಾಸ್ತಿ ಉರಿಯತ್ತೆ ಅಂತ."

ಮೋಸ ಹೋದ ಸಿಟ್ಟು ಒಂದು ಕಡೆ, ಅದರ ಅಡಿಯಲ್ಲೇ ಒಂದು ದೊಡ್ಡ ನಿರಾಳ. "ಹಾಗಾದ್ರೆ ಆ ಕೈ ಎತ್ತಿದ್ದು, ನಿಲ್ಸಯ್ಯ ಅಂದಿದ್ದು, ಕೋಸಂಬರಿ, ಅದೆಲ್ಲ ನನ್ನ ಕೆರಳಿಸೋಕೆ ನೀನು ಕಟ್ಟಿದ್ದು ತಾನೇ?" ಎಂದು ಕೇಳಿದೆ.

ಶೈಲಜಾ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ ನಲ್ಲಿ ತಿರುಗಿಸಿದಳು.

ಈಗ ರಸ್ತೆಗಳು ತೆರೆದಿವೆ, ಟೀಚರ್ ಮಂಗಳೂರು ಸೇರಿದ್ದಾರೆ. ನನ್ನ ಅಕ್ಕ ಪ್ರತಿ ಭಾನುವಾರ ಮೈಸೂರಿನಿಂದ ಫೋನು ಮಾಡುತ್ತಾಳೆ. ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು, ಇತ್ಯರ್ಥವಾಗುತ್ತದೆ. ಅವಳ ಮಂಡಿನೋವು, ನೀರಿನ ತೊಂದರೆ, ಮೊಮ್ಮಗನ ಶಾಲೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳುತ್ತೇನೆ. ಮಾತು ಅಪ್ಪಿತಪ್ಪಿ ಹಳೆಯ ರಾಮೋತ್ಸವದ ಕಡೆ ತಿರುಗುವ ಸೂಚನೆ ಕಂಡರೆ ಮಾತ್ರ ಫೋನನ್ನು ಶೈಲಜಾಳ ಕೈಗೆ ಕೊಟ್ಟು, ಯಾರೂ ಹೇಳದಿದ್ದರೂ ಕೊತ್ತಂಬರಿ ಸೊಪ್ಪು ತರಲು ಹೊರಡುತ್ತೇನೆ.